ಪೂಜೆ ನಿಮ್ದು, ಸ್ಟಾರ್ಟು ನಮ್ದು

ನಮ್ಮ ಗರಾಜಿನ ಕಪಾಟಿನ ಕೆಳಗಿನ ಅರೆಯಲ್ಲಿ, ಬಣ್ಣದ ಡಬ್ಬಿಗಳ ಹಿಂದೆ, ಫಾಗಿಂಗ್ ಆಯಿಲ್ ಎಂಬ ಸ್ಪ್ರೇ ಕ್ಯಾನು ಇರುತ್ತದೆ. ದೋಣಿಯ ಎಂಜಿನ್ನನ್ನು ಚಳಿಗಾಲಕ್ಕೆ ಎತ್ತಿಡುವಾಗ ಒಳಗೆಲ್ಲ ತುಕ್ಕು ಹಿಡಿಯದಿರಲೆಂದು ಹೊಡೆಯುವ ಎಣ್ಣೆ ಅದು. ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಅದಕ್ಕೆ ಕೆಲಸ ಬೀಳುತ್ತದೆ. ಮೊನ್ನೆ ಶನಿವಾರ ಅದನ್ನು ಹುಡುಕಿ ತೆಗೆದು, ಎಣ್ಣೆ ಉಳಿದಿದೆಯೋ ಇಲ್ಲವೋ ಎಂದು ಒಮ್ಮೆ ಒತ್ತಿ ನೋಡಿದೆ. ಹೊಲಿಗೆ ಮಷಿನ್ನಿನ ಎಣ್ಣೆಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ ಗರಾಜು ತುಂಬಿ ಮನೆಯೊಳಗೂ ನುಗ್ಗಿತು. ಅಡುಗೆಮನೆಯಿಂದ ನನ್ನ ಹೆಂಡತಿ ಸುಧಾ ಕೂಗಿದಳು.

"ನಿಮ್ಮ ಅತ್ತರ ತಗದ್ರೇನು? ನಡುವಿನ ಬಾಗಲಾ ಹಾಕ್ರಿ. ಇಲ್ಲೆ ಸಾರಿಗೆ ಒಗ್ಗರಣಿ ಕೊಟ್ಟೇನಿ."

ಬಾಗಿಲು ಹಾಕಿದೆ. ಹಾಕಿ, ಆ ವಾಸನೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ಈ ವಾಸನೆ ಬಂದರೆ ನನಗೆ ನೆನಪಾಗುವುದು ಒಂದೇ ವರ್ಷ, ಮುನೀರ್ ನ್ಯೂಜೆರ್ಸಿಯಲ್ಲಿದ್ದ ಕೊನೆಯ ವರ್ಷ. ಆ ಸಲ ಗರಾಜಿನ ಮುಂದಿನ ಇದೇ ಡ್ರೈವ್‌ವೇಯಲ್ಲಿ ಎಂಜಿನ್ನು ಸುಟ್ಟುಕೊಂಡಿದ್ದೆವು.

ಮುನೀರ್ ಮೈಸೂರಿನವರು. ಮಂಡಿ ಮೊಹಲ್ಲಾದಲ್ಲಿ ಅವರ ತಂದೆಯದೊಂದು ಲಾರಿ ರಿಪೇರಿ ವರ್ಕ್‌ಶಾಪು ಇತ್ತು. ಇವರು ಓದಿ ಎಂಜಿನಿಯರಾಗಿ, ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳನ್ನು ಡಬ್ಬಿಗೆ ತುಂಬುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಧಾರವಾಡದವನು. ಸೇತುವೆಗಳನ್ನು ತಪಾಸಣೆ ಮಾಡುವುದು ನನ್ನ ಉದ್ಯೋಗ. ಎಲ್ಲಿ ತುಕ್ಕು, ಎಲ್ಲಿ ಬಿರುಕು ಎಂದು ಹುಡುಕುವ ಕೆಲಸ. ಮನೆಗೆ ಬಂದ ಮೇಲೂ ಅದನ್ನೇ ಮಾಡುತ್ತೇನೆ ಎಂಬುದು ಸುಧಾಳ ದೂರು, ಅದರಲ್ಲಿ ಸುಳ್ಳೇನಿಲ್ಲ. ಮುಂಗೋಪ ನನಗೆ ಹುಟ್ಟಿನಿಂದ ಬಂದದ್ದು.

ನಮ್ಮಿಬ್ಬರ ಪರಿಚಯವಾದದ್ದು ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ. ಹೋಳಿಗೆ ಬಡಿಸುವವರು ನಿಧಾನ ಮಾಡುತ್ತಿದ್ದಾರೆ ಎಂದು ನಾನು ಗೊಣಗುತ್ತಿದ್ದೆ. ಹಿಂದೆ ನಿಂತಿದ್ದವರು, ತುಪ್ಪದವರನ್ನು ಮುಂದೆ ನಿಲ್ಲಿಸಿ ಹೋಳಿಗೆಯವರನ್ನು ಹಿಂದೆ ಹಾಕಿದರೆ ಸಾಲು ಓಡುತ್ತದೆ ಎಂದರು. ಆಮೇಲೆ ಹೆಸರು ಹೇಳಿದರು. ಮೂರನೆಯ ಮಾತಿಗೇ, "ನಿಮ್ಮ ಮನೆ ಮುಂದೆ ಒಂದು ಬೋಟ್ ನಿಲ್ಸೋಷ್ಟು ಜಾಗ ಇದ್ಯಾ?" ಎಂದು ಕೇಳಿದರು. ಕೀಪೋರ್ಟ್ ಎಂಬ ಕಡಲಂಚಿನ ಊರಿನಲ್ಲಿ ಯಾರೋ ಒಂದು ಹಳೆಯ ಅಲ್ಯುಮಿನಿಯಂ ದೋಣಿ ಮಾರುತ್ತಿದ್ದರಂತೆ. ಇವರದು ಟೌನ್‌ಹೌಸು, ಅಲ್ಲಿಯ ಅಸೋಸಿಯೇಷನ್ನು ಮನೆ ಮುಂದೆ ಸೈಕಲ್ಲು ನಿಲ್ಲಿಸಿದರೂ ಈಮೇಲ್ ಕಳಿಸುತ್ತಿತ್ತು. ನಮ್ಮ ಮನೆಗೆ ಉದ್ದನೆಯ ಡ್ರೈವ್‌ವೇ ಇದೆ ಎಂದು ಹೇಳಿದ್ದೇ ತಪ್ಪಾಯಿತು. ಯುಗಾದಿಯ ಬೆಲ್ಲ ನಾಲಿಗೆಯಿಂದ ಕರಗುವ ಮೊದಲೇ ನಾನು ಅರ್ಧ ದೋಣಿಯ ಮಾಲೀಕನಾಗಿದ್ದೆ.

ನನಗೆ ಗೊತ್ತಿದ್ದದ್ದು ಕೆಲಗೇರಿ ಕೆರೆ, ಅವರಿಗೆ ಗೊತ್ತಿದ್ದದ್ದು ಕುಕ್ಕರಹಳ್ಳಿ ಕೆರೆ. ಇಬ್ಬರ ಜಲಾನುಭವ ಅಷ್ಟೇ. ಅಂಥವರು ರಾರಿಟನ್ ಬೇ ಎಂಬ ಉಪ್ಪುನೀರಿಗೆ ಇಳಿದೆವು. ಮೊದಲ ವರ್ಷ ಹಗ್ಗ ಕಟ್ಟಲು ಬಾರದೆ ಎರಡು ಸಲ ದೋಣಿ ನಮ್ಮನ್ನು ದಂಡೆಯಲ್ಲೇ ಬಿಟ್ಟು ಹೊರಟಿತ್ತು. ಬರಬರುತ್ತಾ ಕೆಲಸಗಳು ತಾವಾಗಿ ಹಂಚಿಕೆಯಾದವು. ದೋಣಿಯ ಹಿಂಬದಿಗೆ ಕೂರಿಸಿದ ನಲವತ್ತು ಹಾರ್ಸ್‌ಪವರಿನ ಔಟ್‌ಬೋರ್ಡ್ ಎಂಜಿನ್ನು ಅವರ ಪಾಲಿಗೆ. ಹಗ್ಗ, ಲೈಫ್ ಜಾಕೆಟ್ಟು, ಗಾಳಿ ಎತ್ತ ಬೀಸುತ್ತದೆ ಎಂಬ ಚಿಂತೆ ನನ್ನ ಪಾಲಿಗೆ. ಗಾಳ ಹಾಕುವ ಹುಚ್ಚು ಹಿಡಿದದ್ದು ಮಾತ್ರ ಸಸ್ಯಾಹಾರಿಯಾದ ನನಗೆ. ಹಿಡಿದ ಮೀನೆಲ್ಲ ಮುನೀರರ ಹೆಂಡತಿ ನಸೀಮಾರ ಅಡುಗೆಮನೆಗೆ ಹೋಗುತ್ತಿತ್ತು.

ಎಂಜಿನ್ನು ಚಾಲೂ ಆದ ಕೂಡಲೇ ನಾನು ಹಿಂದಕ್ಕೆ ಬಗ್ಗಿ ಒಂದು ಸಂಗತಿ ನೋಡಬೇಕಿತ್ತು. ಈ ಎಂಜಿನ್ನುಗಳು ಕೆಳಗಿನಿಂದ ನೀರು ಹೀರಿ, ಮೈಯೆಲ್ಲ ತಣ್ಣಗೆ ಮಾಡಿಕೊಂಡು, ಹಿಂಬದಿಯ ಸಣ್ಣ ತೂತಿನಿಂದ ಒಂದು ಎಳೆ ನೀರನ್ನು ಹೊರಗೆ ಚಿಮ್ಮುತ್ತವೆ. ಆ ಎಳೆ ಕಂಡರೆ ಒಳಗಿನ ಪಂಪು ನೆಟ್ಟಗಿದೆ ಎಂದರ್ಥ. ಮುನೀರ್ ಸ್ಟೀರಿಂಗ್ ಹತ್ತಿರದಿಂದ, ತಿರುಗಿ ನೋಡದೆ, ಪ್ರತಿ ಸಲವೂ ಕೇಳುತ್ತಿದ್ದರು.

"ಕುಲಕರ್ಣಿಯವ್ರೇ, ಉಚ್ಚೆ ಹುಯ್ತಾ ಇದ್ಯಾ?"

"ಹೊಯ್ಯಾಕತ್ತದ ನಡೀರಿ," ಎಂದು ನಾನು ಹೇಳಿದ ಮೇಲೇ ದೋಣಿ ಹೊರಡುವುದು. ಸುತ್ತ ಕನ್ನಡ ಬಲ್ಲವರು ಯಾರೂ ಇರುವುದಿಲ್ಲ ಎಂಬ ಧೈರ್ಯ.

ಇಲ್ಲಿ ಅಕ್ಟೋಬರ್ ಮುಗಿಯುವುದರೊಳಗೆ ದೋಣಿ ಎತ್ತಿಡಬೇಕು. ಎಂಜಿನ್ನಿನ ಹೊಟ್ಟೆಯಲ್ಲಿ ನೀರು ನಿಂತು ಹೆಪ್ಪುಗಟ್ಟಿದರೆ ಲೋಹ ಸೀಳುತ್ತದೆ, ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ಅಂಟಾಗುತ್ತದೆ. ಆದ್ದರಿಂದ ಸಿಹಿನೀರು ಹರಿಸಿ ಉಪ್ಪು ತೊಳೆದು, ಪೆಟ್ರೋಲಿಗೆ ಅದು ಕೆಡದಂತೆ ಔಷಧಿ ಬೆರೆಸಿ, ಎಣ್ಣೆಗಳನ್ನು ಬದಲಿಸಿ, ಕೊನೆಗೆ ಫಾಗಿಂಗ್ ಆಯಿಲ್ ಹೊಡೆದು ಮಲಗಿಸುವುದು. ಮನೆಯಲ್ಲಿ ನೀರು ಕೊಡುವ ಉಪಾಯವೆಂದರೆ ಎರಡು ರಬ್ಬರ್ ಬಟ್ಟಲುಗಳನ್ನು ಎಂಜಿನ್ನು ನೀರು ಹೀರುವ ಕಿಂಡಿಗಳಿಗೆ ಎರಡೂ ಕಡೆಯಿಂದ ಕಚ್ಚಿಸಿ, ತೋಟದ ಪೈಪು ಸಿಕ್ಕಿಸಿ, ನಲ್ಲಿ ಬಿಡುವುದು. ಮುನೀರ್ ಅದಕ್ಕೆ ಹೆಡ್‌ಫೋನ್ ಎನ್ನುತ್ತಿದ್ದರು. ನೋಡಲು ಹಾಗೇ ಇತ್ತು.

ಈ ಕೆಲಸದ ಹೊತ್ತಿಗೆ ಸರಿಯಾಗಿ ಆಯುಧಪೂಜೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಕಾರಿಗೆ ಒಂದು ಹೂವಿಟ್ಟು ಮುಗಿಸುತ್ತಿದ್ದೆವು. ದೋಣಿಗೂ ಆಗಬೇಕು, ಅದೂ ಶಾಸ್ತ್ರೋಕ್ತವಾಗಿ, ಎಂದು ಹಟ ಹಿಡಿದವರು ಮುನೀರ್. ಅವರ ತಂದೆಯ ವರ್ಕ್‌ಶಾಪಿನಲ್ಲಿ ಅದು ವರ್ಷದ ದೊಡ್ಡ ದಿನವಾಗಿತ್ತಂತೆ. ಕೆಲಸದವರು ಸ್ಪ್ಯಾನರುಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ, ಬೂದುಗುಂಬಳ ಒಡೆದು, ಆರತಿ ಎತ್ತುತ್ತಿದ್ದರು. ತಂದೆ ಬಿಳಿ ಟೋಪಿ ಹಾಕಿಕೊಂಡು ಹಿಂದೆ ನಿಂತಿರುತ್ತಿದ್ದರು. ಆರತಿ ಮುಗಿದ ಮೇಲೆ ಕೆಲಸದವರು ದಾರಿ ಬಿಡುತ್ತಿದ್ದರು. ಆಗ ಅವರು ಮುಂದೆ ಬಂದು, ನಿಂತಿದ್ದ ಒಂದೊಂದು ಲಾರಿಯನ್ನೂ ತಾವೇ ಸ್ಟಾರ್ಟ್ ಮಾಡುತ್ತಿದ್ದರು.

"ಪೂಜೆ ನಿಮ್ದು, ಸ್ಟಾರ್ಟು ನಮ್ದು, ಅಂತಿದ್ರು ನಮ್ಮ ಅಬ್ಬಾ," ಎಂದು ಮುನೀರ್ ಹೇಳುತ್ತಿದ್ದರು. "ಸ್ಟಾರ್ಟ್ ಮಾಡ್ದೇ ಬಿಟ್ರೆ ಪೂಜೆ ಅರ್ಧ ಆದ ಹಾಗೆ."

ಅದೇ ಪದ್ಧತಿ ಎಡಿಸನ್ನಿನ ನಮ್ಮ ಮನೆಗೂ ಬಂತು. ಓಕ್ ಟ್ರೀ ರೋಡಿನ ಅಂಗಡಿಯಿಂದ ಬೂದುಗುಂಬಳ, ನಿಂಬೆಹಣ್ಣು, ಚೆಂಡುಹೂವು ತರುವುದು ಅವರು. ಕುಂಕುಮ ಹಚ್ಚಿ ಆರತಿ ಮಾಡುವುದು ಸುಧಾ. ಕುಂಬಳ ಒಡೆಯುವುದು ನಾನು. ಕೀಲಿ ತಿರುಗಿಸುವುದು ಮುನೀರ್. ಮೊದಲ ವರ್ಷ ಕುಂಬಳದ ಕುಂಕುಮ ನೀರು ಡ್ರೈವ್‌ವೇ ತುಂಬ ಹರಿದದ್ದನ್ನು ಎದುರು ಮನೆಯ ಡೋನಾ ಕಿಟಕಿಯಿಂದ ಕಂಡು, ಫೋನು ಹಿಡಿದುಕೊಂಡೇ ಓಡಿ ಬಂದಿದ್ದಳು. ಆಮೇಲಿನ ವರ್ಷಗಳಲ್ಲಿ ತಾನೇ ಕುರ್ಚಿ ತಂದು ಕೂತು ನೋಡುತ್ತಿದ್ದಳು. ಸಂಘದಲ್ಲಿ ಒಬ್ಬರು, "ಅವರ್ಯಾಕ್ರೀ ಪೂಜೆ ಮಾಡಿಸ್ತಾರೆ?" ಎಂದು ಕೇಳಿದ್ದರು. ನಿಮ್ಮ ಕಾರನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ನಾನು ತಿರುಗಿ ಕೇಳಿದೆ.

ಆ ವರ್ಷ ಸೆಪ್ಟೆಂಬರಿನ ಒಂದು ಶನಿವಾರ. ಕೀಪೋರ್ಟಿನಿಂದ ಹೊರಟು, ದೂರದಲ್ಲಿ ವೆರಜಾನೊ ಸೇತುವೆ ತೆಳ್ಳಗೆ ಕಾಣುವ ಜಾಗದಲ್ಲಿ ಎಂಜಿನ್ನು ನಿಲ್ಲಿಸಿ ತೇಲುತ್ತಿದ್ದೆವು. ಮುನೀರ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಕೊಡುತ್ತಾ ಹೇಳಿದರು: "ನಮ್ಮ ಡಿಪಾರ್ಟ್‌ಮೆಂಟ್ ಪೂರ್ತಿ ನಾರ್ತ್ ಕೆರೊಲೈನಾಗೆ ಶಿಫ್ಟ್ ಮಾಡ್ತಿದ್ದಾರೆ. ಹೋದ್ರೆ ಕೆಲಸ ಇದೆ, ಹೋಗ್ದಿದ್ರೆ ಇಲ್ಲ."

"ಯಾವಾಗ?"

"ಜನವರಿ."

ನಾನು ಗಾಳ ಎಳೆದು ನೋಡಿದೆ. ಯಾವುದೋ ಮೀನು ಎರೆ ತಿಂದುಕೊಂಡು ಹೋಗಿತ್ತು. ಇನ್ನೊಂದು ಸಿಕ್ಕಿಸುತ್ತಾ, "ಹಂಗಾರ ಬೋಟು?" ಎಂದೆ.

"ನಿಮ್ಮಿಷ್ಟ."

"ನಂದೇನ ಇಷ್ಟರಿ, ನಿಮ್ಮಿಷ್ಟ ಹೇಳ್ರಿ."

"ಬಿಟ್ಟು ಹೋಗೋನು ನಾನು. ನಾನೇನು ಹೇಳ್ಲಿ?"

"ಮಾರೂಣೇನು?"

"ನಿಮಗೆ ಸರಿ ಅನ್ಸಿದ್ರೆ ಸರಿ."

ತಾನು ಹೋಗಿ ಈ ಹಳೆಯ ದೋಣಿಯನ್ನು ಇವನ ತಲೆಗೆ ಕಟ್ಟುವುದು ತಪ್ಪು ಎಂದು ಅವರು ಅಂದುಕೊಂಡಿದ್ದರು. ಹೋಗುವ ಮನುಷ್ಯನಿಗೆ ತನ್ನ ಪಾಲು ಬಿಡಿಸಿಕೊಳ್ಳುವುದಿರುತ್ತದೆ, ಬಾಯಿಬಿಟ್ಟು ಕೇಳಲಾರರು ಎಂದು ನಾನು ಅಂದುಕೊಂಡಿದ್ದೆ. ಹೀಗೆ ಇಬ್ಬರಿಗೂ ಬೇಡವಾದ ತೀರ್ಮಾನವನ್ನು ಇಬ್ಬರೂ ಸೇರಿ ಬಹಳ ಮರ್ಯಾದೆಯಿಂದ ತೆಗೆದುಕೊಂಡೆವು. ನಮ್ಮ ಕಡೆಯ ಜನ ಹೀಗೆ ಎಷ್ಟು ಮನೆ, ಎಷ್ಟು ಸಂಬಂಧ ಕಳೆದುಕೊಂಡಿದ್ದೇವೋ.

ಮನೆಗೆ ಬಂದ ಮೇಲೆ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಎಲೆ ಗುಡಿಸುತ್ತಾ ಯೋಚಿಸಿದೆ. ಈ ದೇಶಕ್ಕೆ ಬಂದು ಅರ್ಧ ಆಯುಷ್ಯ ಕಳೆಯಿತು. ಆಫೀಸಿನವರಿದ್ದಾರೆ, ಸಂಘದವರಿದ್ದಾರೆ, ಸತ್ಯನಾರಾಯಣ ಪೂಜೆಗೆ ಕರೆಯುವವರಿದ್ದಾರೆ. ಆದರೆ ಮಾತಾಡದೆ ಎರಡು ತಾಸು ಜೊತೆಗೆ ಕೂರಬಲ್ಲ ಗೆಳೆಯ ಅಂತ ನನಗೆ ಸಿಕ್ಕಿದ್ದು ಒಬ್ಬರೇ. ಅವರ ಮನೆಯ ಹಬ್ಬ ಬೇರೆ, ನಮ್ಮ ಮನೆಯ ಹಬ್ಬ ಬೇರೆ. ಸುಧಾ ಮತ್ತು ನಸೀಮಾ ಒಬ್ಬರಿಗೊಬ್ಬರು ನಗುತ್ತಾರೆ, ಅದಕ್ಕಿಂತ ಮುಂದೆ ಹೋಗಿಲ್ಲ. ನಮ್ಮಿಬ್ಬರನ್ನು ವಾರ ವಾರ ಒಂದು ಕಡೆ ತರುತ್ತಿದ್ದದ್ದು ದೋಣಿ. ಅದು ಹೋದರೆ ಮುನೀರ್ ನನ್ನ ಫೋನಿನಲ್ಲಿ ಈದ್‌ಗೂ ದೀಪಾವಳಿಗೂ ಬರುವ ಒಂದು ಶುಭಾಶಯವಾಗಿ ಉಳಿಯುತ್ತಾರೆ. ನನಗೆ ಅದು ಬೇಡವಾಗಿತ್ತು. ಹಾಗೆಂದು ಒಂದು ಮಾತು ಹೇಳಲೂ ಬಾಯಿ ಬರಲಿಲ್ಲ.

ಆನ್‌ಲೈನಿನಲ್ಲಿ ಫೋಟೋ ಹಾಕಿದೆವು. ಸೇರ್‌ವಿಲ್‌ನ ಹೈಸ್ಕೂಲು ಮೇಷ್ಟರೊಬ್ಬರು, ಫ್ರ್ಯಾಂಕ್ ಅಂತ, ಒಪ್ಪಿಕೊಂಡರು. ತನ್ನ ಕಣ್ಣೆದುರು ಒಮ್ಮೆ ಎಂಜಿನ್ನು ಓಡಿಸಿ ತೋರಿಸಬೇಕು, ಉಳಿದಂತೆ ಚಳಿಗಾಲದ ತಯಾರಿ ಮುಗಿದಿರಬೇಕು ಎಂಬುದಷ್ಟೇ ಅವರ ಕೇಳಿಕೆ. ಬರುತ್ತೇನೆ ಎಂದ ದಿನ ನಾವು ಪೂಜೆ ಇಟ್ಟುಕೊಂಡ ಭಾನುವಾರವೇ ಆಗಿತ್ತು.

ಆ ದಿನ ಬಿಸಿಲು ಚೆನ್ನಾಗಿತ್ತು. ಮೇಪಲ್ ಮರಗಳು ಅರ್ಧ ಕೆಂಪಾಗಿದ್ದವು. ಬೀದಿಯಲ್ಲಿ ಎಲೆ ಊದುವ ಯಂತ್ರಗಳ ಸದ್ದು. ಮುನೀರ್ ಬೆಳಿಗ್ಗೆಯೇ ಬಂದರು, ಕುಂಬಳಕಾಯಿಯನ್ನು ಮಗುವಿನ ಹಾಗೆ ಸೀಟ್‌ಬೆಲ್ಟ್ ಹಾಕಿ ಕೂರಿಸಿಕೊಂಡು. ಬೇರೆ ವರ್ಷಗಳಲ್ಲಿ ಮೊದಲು ಪೂಜೆ. ಹೆಡ್‌ಫೋನ್ ಸಿಕ್ಕಿಸಿ, ನಲ್ಲಿ ಬಿಟ್ಟು, ನಾನು ನಲ್ಲಿಯ ಹತ್ತಿರ ನಿಂತಿರುತ್ತಿದ್ದೆ. ಆರತಿಯಾದ ಕೂಡಲೇ ಮುನೀರ್ ಕೀಲಿ ತಿರುಗಿಸುತ್ತಿದ್ದರು. ಆಮೇಲೆ ಉಳಿದ ಕೆಲಸ. ಆ ವರ್ಷ ಸುಧಾಳಿಗೆ ಬೆಳಿಗ್ಗೆ ಯಾರದೋ ಮನೆಯ ನಾಮಕರಣವಿತ್ತು. ಅವಳು ಬರುವವರೆಗೆ ಕೈಕಟ್ಟಿ ಕೂರುವುದೇಕೆ ಎಂದು ನಾವು ಮೊದಲು ಎಂಜಿನ್ನು ತೊಳೆದೆವು. ಔಷಧಿ ಬೆರೆಸಿದ ಪೆಟ್ರೋಲು ಒಳಗೆಲ್ಲ ಹೋಗುವಷ್ಟು ಹೊತ್ತು ಓಡಿಸಿದೆವು. ನೀರಿನ ಎಳೆ ಚೆನ್ನಾಗಿ ಬರುತ್ತಿತ್ತು. ನಿಲ್ಲಿಸಿದ ಮೇಲೆ ನಾನು ಹೆಡ್‌ಫೋನ್ ಬಿಚ್ಚಿ, ಪೈಪಿನ ನೀರು ಬಸಿದು, ಸುತ್ತಿ ಗರಾಜಿನ ಗೋಡೆಗೆ ನೇತು ಹಾಕಿದೆ. ಕೆಲಸ ಮುಗಿದ ಕೂಡಲೇ ಸಾಮಾನು ಎತ್ತಿಡದಿದ್ದರೆ ನನಗೆ ಸಮಾಧಾನವಿಲ್ಲ.

ಇಬ್ಬರೂ ಹೆಚ್ಚು ಮಾತಾಡಲಿಲ್ಲ. "ಆ ಬೋಲ್ಟ್ ಟೈಟ್ ಇದೆ," "ಹೌದ್ರಿ ಅದು ಬಿಗಿ ಅದ," ಇಷ್ಟೇ.

ಮಧ್ಯಾಹ್ನ ಸುಧಾ ರೇಷ್ಮೆ ಸೀರೆಯಲ್ಲೇ ಬಂದು ಪೂಜೆಗೆ ನಿಂತಳು. ಎಂಜಿನ್ನಿನ ಕಪ್ಪು ಮುಚ್ಚಳದ ಮೇಲೆ ವಿಭೂತಿ ಎಳೆದು ಕುಂಕುಮವಿಟ್ಟಳು. ಹಾರ ಹಾಕಿದಳು. ಆರತಿಯಾಯಿತು. ನಾನು ಕುಂಬಳ ಒಡೆದೆ. ಡೋನಾ ಕುರ್ಚಿಯಿಂದಲೇ ಚಪ್ಪಾಳೆ ತಟ್ಟಿ, ಎಲೆ ಒಯ್ಯುವ ಲಾರಿ ಈ ವಾರ ಬರುತ್ತದೋ ಮುಂದಿನ ವಾರವೋ ಎಂದು ಕೇಳಿದಳು. ಅವಳಿಗೆ ಉತ್ತರ ಹೇಳಲು ರಸ್ತೆ ದಾಟಿದೆ. ಸುಧಾ ತಟ್ಟೆ ಒಳಗಿಡಲು ಹೋದಳು. ಮುನೀರ್ ದೋಣಿ ಹೊತ್ತ ಟ್ರೈಲರಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದು ಕಂಡಿತು. ದೋಣಿ ಹತ್ತಿದ್ದು ಕಂಡಿತು. ಎಂಜಿನ್ನಿನ ಸದ್ದು ಕೇಳಿಸಿತು. ಪ್ರತಿ ವರ್ಷ ಕೇಳಿದ ಸದ್ದೇ ಆದ್ದರಿಂದ ನನಗೆ ಏನೂ ಅನಿಸಲಿಲ್ಲ. ಡೋನಾಳಿಗೆ ಮುಂದಿನ ವಾರ ಎಂದು ಹೇಳುತ್ತಿದ್ದೆ.

ಆಮೇಲೆ ರಬ್ಬರು ಸುಟ್ಟ ವಾಸನೆ ಬಂತು. ಅದರ ಹಿಂದೆಯೇ ಎಂಜಿನ್ನು ಬಿಸಿಯಾದಾಗ ಕೂಗುವ ಅಲಾರಾಂ. ಓಡಿದೆ. ಮುನೀರ್ ದೋಣಿಯಲ್ಲಿ ನಿಂತಿದ್ದರು, ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಒಂದು ಕೈ ಎಂಜಿನ್ನಿನ ಮುಚ್ಚಳದ ಮೇಲೆ. ಅಲಾರಾಂ ಕೂಡ ಅವರಿಗೆ ತಡವಾಗಿ ಕೇಳಿಸಿತು. ಕಣ್ಣು ತೆರೆದು ಕೀಲಿ ತಿರುಗಿಸಿದರು. ಸದ್ದು ನಿಂತಿತು.

"ಹೆಡ್‌ಫೋನ್," ಎಂದರು.

ಅದು ಗರಾಜಿನ ಗೋಡೆಯ ಮೇಲೆ ತೂಗುತ್ತಿತ್ತು.

ಎಂಜಿನ್ನಿಗೆ ನೀರೆತ್ತುವ ಪಂಪಿನಲ್ಲಿ ಒಂದು ರಬ್ಬರಿನ ಚಕ್ರವಿದೆ, ಸುತ್ತಲೂ ಎಸಳುಗಳಿರುವಂಥದು. ಅದಕ್ಕೆ ಎಣ್ಣೆಯೂ ನೀರೇ. ನೀರಿಲ್ಲದೆ ತಿರುಗಿದರೆ ನೋಡುನೋಡುತ್ತಲೇ ಸುಟ್ಟು ಹೋಗುತ್ತದೆ. ಇದು ನನಗಿಂತ ಮುನೀರರಿಗೆ ಚೆನ್ನಾಗಿ ಗೊತ್ತು. ಆದರೆ ಎಷ್ಟೋ ವರ್ಷ ಪೂಜೆಯ ಹೊತ್ತಿಗೆ ನೀರು ಹರಿಯುತ್ತಲೇ ಇರುತ್ತಿತ್ತು. ನೀರು ನನ್ನ ಕೆಲಸ, ಕೀಲಿ ಅವರ ಕೆಲಸ. ಅವರು ತಮ್ಮ ಕೆಲಸ ಮಾಡಿದ್ದರು. ಅವರ ತಂದೆಯ ಲಾರಿಗಳಲ್ಲಿ ಯಾವುದಕ್ಕೂ ನಲ್ಲಿ ಬಿಡಬೇಕಾಗಿರಲಿಲ್ಲ.

ಆಗ ಇದನ್ನೆಲ್ಲ ಯೋಚಿಸುವ ತಾಳ್ಮೆ ನನಗೆಲ್ಲಿ. ಕೊಳ್ಳುವವರು ಬರುವ ಹೊತ್ತಾಗಿತ್ತು. "ಅಲ್ರಿ ಮುನೀರ್, ನೀವು ಬೇಕಂತನ ಮಾಡಿದ್ರೇನು?" ಎಂದುಬಿಟ್ಟೆ.

ಅವರು ದೋಣಿಯ ಅಂಚಿನ ಮೇಲೆ ಕೂತರು. ಸಿಟ್ಟು ಮಾಡಿಕೊಳ್ಳಲಿಲ್ಲ.

"ಬೇಕಂತ ಎಂಜಿನ್ ಸುಡೋಷ್ಟು ಧೈರ್ಯ ಇದ್ದಿದ್ರೆ," ಎಂದರು, "ಮಾರೋದು ಬೇಡ ಅಂತ ಅವತ್ತೇ ಬಾಯಿಬಿಟ್ಟು ಹೇಳ್ತಿರ್ಲಿಲ್ವಾ ಕುಲಕರ್ಣಿಯವ್ರೇ?"

ಇದಕ್ಕೆ ನಾನು ಏನಾದರೂ ಹೇಳಬೇಕಿತ್ತು. ಹೇಳುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಫ್ರ್ಯಾಂಕರ ಪಿಕಪ್ ಟ್ರಕ್ಕು ಕಾಣಿಸಿತು.

ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ಬಿರುಕು ಕಂಡರೆ ಬರೆದುಕೊಡುವುದು ನನ್ನ ಅನ್ನ. ನಡೆದದ್ದನ್ನು ಹೇಳಿದೆ. ಪೂಜೆಯ ಭಾಗ ವಿವರಿಸಲು ಸ್ವಲ್ಪ ಕಷ್ಟವಾಯಿತು. ಇನ್ನು ಫ್ರ್ಯಾಂಕ್ ವಾಪಸು ಹೋಗುತ್ತಾರೆ, ದೋಣಿ ತಾನಾಗಿ ಉಳಿಯುತ್ತದೆ, ಯಾರೂ ಏನೂ ಹೇಳಬೇಕಾಗಿಲ್ಲ ಎಂಬ ಸಣ್ಣ ಆಸೆಯೂ ನನಗಿತ್ತು. ಫ್ರ್ಯಾಂಕ್ ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಮೂಸಿ ನೋಡಿದರು. ಅಷ್ಟು ಬೇಗ ನಿಲ್ಲಿಸಿದ್ದರೆ ಪಂಪು ಮಾತ್ರ ಹೋಗಿರುತ್ತದೆ, ಅದು ದೊಡ್ಡ ರಿಪೇರಿಯಲ್ಲ, ತನ್ನ ಭಾವಮೈದ ಮಾಡಿಕೊಡುತ್ತಾನೆ ಎಂದರು. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ಕೈ ಕುಲುಕಿದರು. ಇವತ್ತೇ ಒಯ್ಯುತ್ತೇನೆ ಎಂದರು.

ಹೀಗೆ ನನ್ನ ಆಸೆಯೂ ಮುಗಿಯಿತು. ನಮ್ಮ ಕಾರಿನಿಂದ ಟ್ರೈಲರ್ ಬಿಚ್ಚಿದೆವು. ಫ್ರ್ಯಾಂಕ್ ಟ್ರಕ್ಕನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಟ್ರೈಲರಿನ ಮೂತಿಯನ್ನು ಕೊಕ್ಕೆಯ ಮೇಲೆ ಇಳಿಸಲು ನಾನು ಹಿಡಿಕೆ ತಿರುಗಿಸುತ್ತಿದ್ದೆ. ಒಮ್ಮೆ ಹಿಂದೆ ನೋಡಿದೆ. ಮುನೀರ್ ಹಾರ ತೆಗೆದು ಮಡಚಿ ಪಕ್ಕದಲ್ಲಿಟ್ಟಿದ್ದರು. ಜೇಬಿನಿಂದ ಕರ್ಚೀಫು ತೆಗೆದು ಉಗುಳಿನಿಂದ ತೇವ ಮಾಡಿಕೊಂಡು ಎಂಜಿನ್ನಿನ ಮೇಲಿನ ಕುಂಕುಮ ಒರೆಸುತ್ತಿದ್ದರು. ಹೊಸಬರಿಗೆ ಅದೇನು ಎಂದು ತಿಳಿಯುವುದಿಲ್ಲ, ಕೊಳೆ ಅಂದುಕೊಂಡಾರು ಎಂದಿರಬೇಕು. ಮೆಲ್ಲಗೆ, ಮೂಲೆ ಮೂಲೆ ಬಿಡದೆ ಒರೆಸುತ್ತಿದ್ದರು.

ನಾನು ಹಿಡಿಕೆ ಬಿಟ್ಟೆ. "ಸಾರಿ," ಎಂದೆ ಫ್ರ್ಯಾಂಕರಿಗೆ. "ಇಟ್ಸ್ ನಾಟ್ ಫಾರ್ ಸೇಲ್."

ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಸುಲಭವಾಗಿ ಬಂತು. ಫ್ರ್ಯಾಂಕರಿಗೆ ಸಿಟ್ಟು ಬಂತು, ಬರಬೇಕಾದ್ದೇ. ನೀವಿಬ್ಬರೂ ನನ್ನನ್ನು ಕರೆಸುವ ಮೊದಲು ಒಬ್ಬರಿಗೊಬ್ಬರು ಮಾತಾಡಬೇಕಿತ್ತು ಎಂದರು. ಅದರಲ್ಲಿ ತಪ್ಪು ಹುಡುಕಲು ನನ್ನಂಥವನಿಗೂ ಆಗಲಿಲ್ಲ. ಸುಧಾ ಒಳಗಿನಿಂದ ಚಕ್ಕುಲಿ, ರವೆ ಉಂಡೆ ತುಂಬಿದ ಡಬ್ಬಿ ತಂದು ಅವರ ಕೈಗಿಟ್ಟಳು. ತಲೆ ಅಲ್ಲಾಡಿಸುತ್ತಾ ಟ್ರಕ್ಕು ಹತ್ತಿ ಹೋದರು. ನಿಂಬೆಹಣ್ಣುಗಳು ಟ್ರೈಲರಿನ ಚಕ್ರದಡಿ ಹಾಗೇ ಉಳಿದಿದ್ದವು.

ಮುನೀರ್ ಕರ್ಚೀಫು ಹಿಡಿದುಕೊಂಡೇ ನಿಂತಿದ್ದರು. "ಒಬ್ರೇ ಹೇಗ್ರೀ ಮ್ಯಾನೇಜ್ ಮಾಡ್ತೀರಾ?" ಎಂದರು.

"ಕಲಿಸ್ರಿ," ಎಂದೆ. "ಜನವರಿ ಇನ್ನೂ ದೂರ ಅದ."

ಸುಧಾ ಇಬ್ಬರ ಮುಖವನ್ನೂ ನೋಡಿದಳು. "ಇದನ್ನ ಸೆಪ್ಟೆಂಬರದಾಗ ಹೇಳಿದ್ರ ಆ ಮನಷ್ಯಾ ಇಷ್ಟ ದೂರ ಬರೂದು ತಪ್ಪತಿತ್ತು," ಎಂದು ಹೇಳಿ, ಮತ್ತೆ ಕುಂಕುಮದ ಬಟ್ಟಲು ತಂದು, ಒರೆಸಿದ ಜಾಗದಲ್ಲಿ ಹೊಸದಾಗಿ ಇಟ್ಟಳು.

ಆಮೇಲಿನ ವಾರಾಂತ್ಯಗಳೆಲ್ಲ ಡ್ರೈವ್‌ವೇಯಲ್ಲೇ ಕಳೆದವು. ಮುನೀರ್ ಮಗುಚಿದ ಬಕೆಟ್ಟಿನ ಮೇಲೆ ಕೂರುತ್ತಿದ್ದರು. ನನ್ನ ಕೈಯಿಂದ ಸ್ಪ್ಯಾನರು ಕಸಿದುಕೊಳ್ಳುವ ಆಸೆಯಾಗದಿರಲೆಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿರುತ್ತಿದ್ದರು. ಎಲ್ಲವನ್ನೂ ನಾನೇ ಮಾಡಬೇಕು. ಎಂಜಿನ್ನಿನ ಕೆಳಗಿನ ಅರ್ಧವನ್ನು ಬಿಚ್ಚಿ ಇಳಿಸಿದೆ. ಪಂಪಿನ ಗೂಡು ತೆರೆದಾಗ ಆ ರಬ್ಬರಿನ ಚಕ್ರ ಎಸಳುಗಳೆಲ್ಲ ಕರಗಿ ಮುದುಡಿಕೊಂಡು ಹೊರಬಂತು. ಹೊಸದನ್ನು ಕೂರಿಸುವಾಗ ಎಸಳುಗಳು ತಿರುಗುವ ಕಡೆಗೇ ಬಾಗಬೇಕು. ಮೊದಲ ಸಲ ತಪ್ಪು ಮಾಡಿದೆ.

"ಬಿಚ್ಚಿ," ಎಂದರು.

"ಇಷ್ಟಕ್ಕ ಏನಾಗ್ತದರಿ?"

"ಸೇತುವೆಗೂ ಹೀಗೇ ಅಂತೀರಾ?"

ಬಿಚ್ಚಿದೆ. ಹೊಸ ಪಂಪಿಗೆ ನೀರು ಕೊಟ್ಟು ಒಮ್ಮೆ ಓಡಿಸಿ, ಎಂಜಿನ್ನು ಬಿಸಿಯಿರುವಾಗಲೇ ಎಣ್ಣೆ ಬಸಿಯುವುದನ್ನು ಕಲಿತೆ. ಕೆಳಗಿನ ಗೇರಿನ ಎಣ್ಣೆ ಚಹಾಕ್ಕೆ ಹಾಲು ಬಿದ್ದ ಹಾಗೆ ಬಿಳಿಚಿಕೊಂಡಿದ್ದರೆ ನೀರು ಒಳಗೆ ಹೋಗಿದೆ ಎಂದು ತಿಳಿಯುವುದನ್ನು ಕಲಿತೆ. ನಮ್ಮದು ಕಪ್ಪಾಗಿಯೇ ಬಂತು. ಹೊಸ ಎಣ್ಣೆಯನ್ನು ಮೇಲಿನಿಂದ ಹೊಯ್ಯಲು ಹೋದಾಗ ತಡೆದರು. ಕೆಳಗಿನ ತೂತಿನಿಂದ ತುಂಬುತ್ತಾ ಬರಬೇಕು, ಒಳಗಿನ ಗಾಳಿ ಮೇಲಿನಿಂದ ಹೋಗಬೇಕು. ಪ್ರೊಪೆಲ್ಲರ್ ಬಿಚ್ಚಿದಾಗ ಅದರ ಹಿಂದೆ ನನ್ನದೇ ಗಾಳದ ದಾರ ಒಂದು ಮೊಳ ಸುತ್ತಿಕೊಂಡಿತ್ತು. ಮುನೀರ್ ಅದನ್ನು ಬೆರಳಿನಲ್ಲಿ ಎತ್ತಿ ತೋರಿಸಿ ಬುಟ್ಟಿಗೆ ಹಾಕಿದರು. ಕೊನೆಗೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಫಾಗಿಂಗ್ ಆಯಿಲ್ ಹೊಡೆದೆ. ಚಳಿಗೆ ಕೈ ಮರಗಟ್ಟಿತ್ತು. ಹುಲ್ಲಿನ ಮೇಲೆ ಮೊದಲ ಇಬ್ಬನಿ ಹೆಪ್ಪುಗಟ್ಟಿದ ವಾರ ಅದು. ಈ ವಾಸನೆ ಆಗ ನನ್ನ ಕೋಟಿಗೆ ಹಿಡಿದದ್ದು ಆ ಚಳಿಗಾಲ ಪೂರ್ತಿ ಹೋಗಲಿಲ್ಲ.

ಜನವರಿಯಲ್ಲಿ ಅವರು ಹೊರಟರು. ಹಿಂದಿನ ದಿನ ಬಂದು, ತಮ್ಮ ಟೂಲ್ ಬಾಕ್ಸನ್ನು ನಮ್ಮ ಗರಾಜಿನಲ್ಲಿಟ್ಟು ಹೋದರು. ಅಲ್ಲಿ ಹೊಸ ಮನೆಯಲ್ಲಿ ಜಾಗವಿದೆಯೋ ಇಲ್ಲವೋ ನೋಡಬೇಕು ಎಂದರು. ಹೊಸ ಮನೆ ಇಲ್ಲಿಯದಕ್ಕಿಂತ ಎಷ್ಟೋ ದೊಡ್ಡದೆಂದು ನಸೀಮಾ ಮೊದಲೇ ಸುಧಾಳಿಗೆ ಹೇಳಿದ್ದರು. ಟೂಲ್ ಬಾಕ್ಸು ಇನ್ನೂ ಇಲ್ಲೇ ಇದೆ. ಬೇಸಿಗೆಯಲ್ಲಿ ಒಂದು ವಾರ ಬಂದು, ಅದನ್ನು ತೆರೆದು, ನಾನು ಸ್ಪ್ಯಾನರುಗಳನ್ನು ತಪ್ಪು ಜಾಗದಲ್ಲಿಟ್ಟಿದ್ದೇನೆ ಎಂದು ಬೈಯುತ್ತಾರೆ. ಆಮೇಲೆ ಕೀಪೋರ್ಟಿಗೆ ಹೋಗುತ್ತೇವೆ. ಸುಟ್ಟ ರಬ್ಬರು ಚಕ್ರವನ್ನು ನಾನು ಗರಾಜಿನ ಗೋಡೆಗೆ, ಹೆಡ್‌ಫೋನ್ ತೂಗುಹಾಕುವ ಮೊಳೆಗೇ ಹಾಕಿದ್ದೇನೆ. ಒಂದನ್ನು ತೆಗೆಯದೆ ಇನ್ನೊಂದನ್ನು ತೆಗೆಯಲು ಬರುವುದಿಲ್ಲ.

ಮೊನ್ನೆ ಶನಿವಾರವೂ ಪೂಜೆಯಾಯಿತು. ಸುಧಾ ಆರತಿ ಎತ್ತಿದಳು. ಡೋನಾಳಿಗೆ ಈಗ ಮಂಡಿನೋವು, ಕಿಟಕಿಯಿಂದಲೇ ಕೈಬೀಸಿದಳು. ನಾನು ಫೋನನ್ನು ದೋಣಿಯ ಅಂಚಿಗೆ ಒರಗಿಸಿ ನಿಲ್ಲಿಸಿದೆ. ಪರದೆಯಲ್ಲಿ ಮುನೀರ್, ಅಲ್ಲಿಯ ತಮ್ಮ ಹಿತ್ತಿಲಿನ ಬಿಸಿಲಿನಲ್ಲಿ, ಓದುವ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು. ಕೀಲಿ ನನ್ನ ಕೈಯಲ್ಲಿತ್ತು. ಅವರು ಹೇಳದೆ ನಾನು ತಿರುಗಿಸುವುದಿಲ್ಲ. ಅದು ಅವರ ಪಾಲಿನ ಕೆಲಸ.

"ಹೆಡ್‌ಫೋನ್ ಹಾಕಿದ್ರಾ?"

"ಹಾಕೇನಿ."

"ನಲ್ಲಿ?"

"ಬಿಟ್ಟೇನಿ. ಎರಡ ಸಲ ನೋಡೇನಿ."

"ಹಾಗಾದ್ರೆ ಸ್ಟಾರ್ಟು."

ತಿರುಗಿಸಿದೆ. ಒಂದು ಸಲ ಕೆಮ್ಮಿ ಹಿಡಿದುಕೊಂಡಿತು. ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ.

"ಉಚ್ಚೆ?" ಎಂದರು.

ಮಾತಿನಲ್ಲಿ ಹೇಳುವ ಬದಲು ಫೋನನ್ನು ಎತ್ತಿ ಅಲ್ಲಿಗೇ ಹಿಡಿದೆ. ನೀರಿನ ಎಳೆ ಸರಿಯಾಗಿ ಬರುತ್ತಿತ್ತು, ಬಿಸಿಲಿಗೆ ಹೊಳೆದು ಡ್ರೈವ್‌ವೇಯ ಮೇಲೆ ಬಿದ್ದು ಹರಿಯುತ್ತಿತ್ತು. ಮುನೀರ್ ಕನ್ನಡಕ ಮೇಲಕ್ಕೇರಿಸಿ ನೋಡುತ್ತಿದ್ದರು. ಎಂಜಿನ್ನಿನ ಒಳಗೆಲ್ಲ ತೊಳೆದು ಹೋಗಿ ಆಗಲೇ ಸಾಕಷ್ಟು ಹೊತ್ತಾಗಿತ್ತು. ನಿಲ್ಲಿಸಲೇ ಎಂದು ಕೇಳಿದೆ.

"ಇನ್ನೊಂದು ಸ್ವಲ್ಪ ಹೊತ್ತು ಓಡ್ಲಿ," ಎಂದರು.

ಓಡಲು ಬಿಟ್ಟು, ಫೋನನ್ನು ಹಾಗೇ ಹಿಡಿದುಕೊಂಡು, ಬಕೆಟ್ಟು ಮಗುಚಿ ಕೂತೆ.